ಮಾಸ್ತಿಯವರಿಗೆ ಇನ್ನೊಂದು ಬ್ರಾಕೆಟ್ಟು

ಪುಣೆಯ ಭಂಡಾರಕರ ಸಂಸ್ಥೆ ಹಸ್ತಪ್ರತಿಗಳನ್ನು ಹೋಲಿಸಿ ಸಿದ್ಧಪಡಿಸಿದ ಮಹಾಭಾರತ ಬಿಡಿಸಿದರೆ ಎಷ್ಟೋ ಪುಟಗಳಲ್ಲಿ ಮೇಲೆ ಶ್ಲೋಕ ಸ್ವಲ್ಪ, ಕೆಳಗೆ ಸಣ್ಣಕ್ಷರದ ಅಡಿಟಿಪ್ಪಣಿಯೇ ಜಾಸ್ತಿ. ಯಾವ ಪಾಠ ಯಾವ ಹಸ್ತಪ್ರತಿಯದು ಅನ್ನುವುದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ, ಜೊತೆಗೊಂದು ಅಂಕಿ. ಟಿ ತೆಲುಗು, ಜಿ ಗ್ರಂಥಲಿಪಿ, ಎಂ ಮಲಯಾಳಂ. ಕೆ ನೋಡಿ ನಾವು ಹಿಗ್ಗುವಂತಿಲ್ಲ, ಅದು ಕಾಶ್ಮೀರದ ಪಾಲು. 1925ರಲ್ಲಿ ಸಂಪಾದನೆಯ ಹೊಣೆ ಹೊತ್ತ ಸುಕ್ಥಂಕರರು 1943ರಲ್ಲಿ ತೀರಿಕೊಂಡರು. ಕೆಲಸ ಮುಗಿದದ್ದು 1966ಕ್ಕೆ.

ಪುಣೆಯದೇ ಯೆರವಡೆಯ ಡೆಕ್ಕನ್ ಕಾಲೇಜಿನಲ್ಲಿ ಎಸ್. ಎಂ. ಕತ್ರೆಯವರು 1948ರಲ್ಲಿ ಶುರುಮಾಡಿದ ಸಂಸ್ಕೃತ ನಿಘಂಟಿನದು ಇನ್ನೂ ದೊಡ್ಡ ಸಂಸಾರ. ಸುಮಾರು 1500 ಗ್ರಂಥಗಳಿಂದ ತೆಗೆದ ಒಂದು ಕೋಟಿಯಷ್ಟು ಚೀಟಿಗಳು. ಚೀಟಿಯಲ್ಲಿ ಪದ, ಅದು ಬಂದ ವಾಕ್ಯ, ಗ್ರಂಥದ ಹೆಸರು, ಅಲ್ಲಿ ಅದರ ಜಾಗ. ಮೊದಲ ಸಂಪುಟ 1976ರಲ್ಲಿ ಬರತೊಡಗಿತು. ಸಂಪುಟಗಳು ಮೂವತ್ತು ದಾಟಿದರೂ ‘ಅ’ಕಾರ ಬಿಟ್ಟು ಆಚೆ ಹೋಗಿಲ್ಲ. ಇದನ್ನು ಕೇಳಿ ನಗುವವರು ಒಂದೇ ಒಂದು ಉಲ್ಲೇಖದ ಮೂಲ ಹುಡುಕಿ ನೋಡಲಿ.

ಉಲ್ಲೇಖದ ಗೋಳು ನನಗೂ ಉಂಟು. ಹಗಲು ಇದೇ ಪುಣೆಯ ಹಿಂಜವಡಿಯಲ್ಲಿ ಸಾಫ್ಟ್‌ವೇರ್, ರಾತ್ರಿ ಈಮ್ಯಾಕ್ಸ್ ಎಂಬ ಬರವಣಿಗೆಯ ತಂತ್ರಾಂಶ ತೆರೆದು ಕೂತು ಲೇಖನ – ಇದು ನನ್ನ ಬದುಕು. ಲೇಖನ ಕೇಳುವವರಲ್ಲಿ ಒಬ್ಬರಿಗೆ ಕಡತ ಲೇಟೆಕ್ ರೂಪದಲ್ಲಿ ಬೇಕು, ಇನ್ನೊಬ್ಬರಿಗೆ ಮಾರ್ಕ್‌ಡೌನ್, ನನ್ನ ಟಿಪ್ಪಣಿಗಳೆಲ್ಲ ಆರ್ಗ್‌ನಲ್ಲಿ. ಉಲ್ಲೇಖಿಸುವ ಪುಸ್ತಕ ಅದೇ, ಹೆಸರಿಸುವ ಮಡಿ ಬೇರೆ. ಲೇಟೆಕ್‌ಗೆ ಬ್ಯಾಕ್‌ಸ್ಲ್ಯಾಷು, ‘ಸೈಟ್’, ಕರ್ಲಿ ಬ್ರಾಕೆಟ್ಟು. ಪ್ಯಾಂಡಾಕ್‌ನ ಮಾರ್ಕ್‌ಡೌನ್‌ಗೆ ಚೌಕ ಬ್ರಾಕೆಟ್ಟಿನೊಳಗೆ @. ಆರ್ಗ್‌ಗಂತೂ 2021ರವರೆಗೆ ಉಲ್ಲೇಖಕ್ಕೆ ಸ್ವಂತ ವ್ಯವಸ್ಥೆಯೇ ಇರಲಿಲ್ಲ. ಬೇಸತ್ತು ಒಂದು ಪುಟ್ಟ ಕಮಾಂಡ್ ಬರೆದುಕೊಂಡೆ. ಕೀ ಒತ್ತಿದರೆ ತೆರೆಯ ತಳದಲ್ಲಿ ಪುಸ್ತಕಗಳ ಪಟ್ಟಿ. ಮೂರಕ್ಷರ ಹೊಡೆದರೆ ಸುಕ್ಥಂಕರರು ಹಾಜರು. ಎಂಟರ್ ಒತ್ತಿದರೆ ಕಡತ ಯಾವ ಬಗೆಯದೆಂದು ತಾನೇ ನೋಡಿಕೊಂಡು ತಕ್ಕ ಚಿಹ್ನೆ ಹಾಕುತ್ತದೆ.

ಚಿಹ್ನೆಯ ಗೋಳು ಮುಗಿಯಿತು, ಹೆಸರಿನ ಗೋಳು ಶುರುವಾಯಿತು. ಧಾರವಾಡದ ಗೆಳೆಯ ಕರಡು ಓದಿ ಫೋನ್ ಮಾಡಿದ: “ಈ ಅಯ್ಯಂಗಾರ್ ಎಂ. ವಿ. ಯಾರ್ರೀ?” ಮಾಸ್ತಿ ವೆಂಕಟೇಶ ಅಯ್ಯಂಗಾರ್! ಗ್ರಂಥಸೂಚಿ ಜೋಡಿಸಿಕೊಡುವ 1985ರ ಬಿಬ್‌ಟೆಕ್, ಹೆಸರಿನ ಕೊನೆಯ ಪದವೇ ಮನೆತನದ ಹೆಸರೆಂದು ನಂಬಿಕೊಂಡಿದೆ. ಪುಣೆಯವರಿಗೆ ಇದರಿಂದ ತೊಂದರೆಯಿಲ್ಲ. ಸುಕ್ಥಂಕರ್, ಕತ್ರೆ, ಭಂಡಾರಕರ ಎಲ್ಲರೂ ಹಾಗೆಯೇ ಸಾಲಾಗಿ ನಿಲ್ಲುತ್ತಾರೆ. ನಮ್ಮಲ್ಲಿ ಊರು ಮುಂದೆ. ಕೋಲಾರ ಜಿಲ್ಲೆಯ ಮಾಸ್ತಿ ಒಂದೇ ಅಕ್ಷರಕ್ಕೆ ಇಳಿದು, ಕನ್ನಡದ ಆಸ್ತಿ ಅಯ್ಯಂಗಾರರ ಗುಂಪಿನಲ್ಲಿ ಕಳೆದುಹೋಗಿತ್ತು.

ಮದ್ದು ಸುಲಭ. ಇಡೀ ಹೆಸರಿನ ಸುತ್ತ ಇನ್ನೊಂದು ಜೊತೆ ಕರ್ಲಿ ಬ್ರಾಕೆಟ್ಟು ಹಾಕಿದರೆ ಯಂತ್ರ ಅದನ್ನು ಒಡೆಯುವುದಿಲ್ಲ. ಆದರೆ ಯಾರ ಹೆಸರಿಗೆ ಹಾಕಬೇಕು ಅನ್ನುವುದು ನನ್ನ ಕಮಾಂಡಿಗೆ ಗೊತ್ತಾಗದು. ಹೆಸರು ನೋಡಿ ನಾನೇ ಹಾಕಬೇಕು. ಬೆಟಗೇರಿ ಕೃಷ್ಣಶರ್ಮರಿಗೂ ಹಾಕಿದೆ. ಕೀರ್ತಿನಾಥ ಕುರ್ತಕೋಟಿಯವರಿಗೆ ಬೇಕಾಗಲಿಲ್ಲ, ಅವರು ಊರನ್ನು ಕೊನೆಗೇ ಇಟ್ಟುಕೊಂಡಿದ್ದಾರೆ.