ಒಂದು ‘ಎಂ’ ಅಕ್ಷರದ ಬೆಲೆ

ಮೊನ್ನೆ ಊರಿನ ಹುಡುಗನೊಬ್ಬ ವಾಟ್ಸ್‌ಆ್ಯಪ್‌ನಲ್ಲಿ ಲ್ಯಾಪ್‌ಟಾಪ್ ಒಂದರ ಫೋಟೊ ಕಳಿಸಿದ. ಹಿಂದೆಯೇ ಫೋನ್ ಮಾಡಿದ.

‘ಅಣ್ಣಾರ, ಸೆಕೆಂಡ್ ಹ್ಯಾಂಡ್ ಐತ್ರಿ. ಇಪ್ಪತ್ತು ಸಾವಿರ ಅಂತಾರ. ಇದರಾಗ ಜಿಟಿಎಕ್ಸ್ 960 ಐತಂತ. ತಗೊಳ್ಳೇನ್ರಿ?’

‘ರೊಕ್ಕ ಎಲ್ಲಿದಪ್ಪಾ?’

‘ಅಪ್ಪ ಗೋವಿನಜೋಳ ಮಾರಿದ್ದು ಐತ್ರಿ.’

‘ಎರಡು ದಿನ ತಡಿ. ಯಾರಿಗೂ ರೊಕ್ಕ ಕೊಡಬ್ಯಾಡ’ ಅಂದೆ. ಯಾಕಂದರೆ ಅದೇ ಸಂಖ್ಯೆ ನಂಬಿ ನಾನೊಮ್ಮೆ ಮೋಸ ಹೋಗಿದ್ದೆ.

ಕೊಪ್ಪಳ ಜಿಲ್ಲೆಯಲ್ಲಿ ನಾನು ಸ್ಟ್ರಿಂಜರ್. ಸುದ್ದಿ ಪ್ರಸಾರವಾದರೆ ದುಡ್ಡು, ಇಲ್ಲದಿದ್ದರೆ ಇಲ್ಲ. ಮೊದಲು ರಾತ್ರಿ ಹೊತ್ತು ಗೆಳೆಯನ ಮದುವೆ ವಿಡಿಯೊ ಸ್ಟುಡಿಯೊದಲ್ಲಿ ಕೂತು ಎಡಿಟ್ ಮಾಡುತ್ತಿದ್ದೆ. ಅವನ ಡೆಸ್ಕ್‌ಟಾಪ್‌ನಲ್ಲಿ ಎನ್‌ವಿಡಿಯಾದ ಜಿಟಿಎಕ್ಸ್ 960 ಕಾರ್ಡ್ ಇತ್ತು. ಕೆಲಸ ಸಲೀಸಾಗಿ ಆಗುತ್ತಿತ್ತು. 2023ರಲ್ಲಿ ಹೆಂಡತಿಯ ಬಳೆ ಅಡವಿಟ್ಟು ಹಳೆಯ ಲ್ಯಾಪ್‌ಟಾಪ್ ಕೊಂಡೆ. ‘ಅದೇ 960 ಸರ್, ಲ್ಯಾಪ್‌ಟಾಪ್‌ನಲ್ಲಿ ಬಂದಿದೆ ಅಷ್ಟೇ’ ಅಂದ ಅಂಗಡಿಯವನು. ಹೆಸರಿನ ಕೊನೆಯಲ್ಲಿ ‘ಎಂ’ ಅಂತ ಇತ್ತು. ಎಂ ಅಂದರೆ ಮೊಬೈಲ್, ಹೊತ್ತು ತಿರುಗುವಂಥದ್ದು ಅಂದುಕೊಂಡು ಸುಮ್ಮನಾದೆ.

ಮೊದಲ ವಾರವೇ ಗೊತ್ತಾಯಿತು. ಗೆಳೆಯನ ಕಂಪ್ಯೂಟರ್‌ನಲ್ಲಿ ಏಳೆಂಟು ನಿಮಿಷಕ್ಕೆ ಸಿದ್ಧವಾಗುತ್ತಿದ್ದ ವಿಡಿಯೊ ನನ್ನದರಲ್ಲಿ ಹದಿನೇಳು ನಿಮಿಷ ತಿನ್ನುತ್ತಿತ್ತು. ತಪ್ಪೆಲ್ಲ ಕಾರ್ಡಿನದಲ್ಲ. ಪ್ರೊಸೆಸರ್ ಬೇರೆ, ನಮ್ಮ ಕಡೆಯ ಬಿಸಿಲು ಬೇರೆ. ಆದರೆ ಕಾರ್ಡಿನ ವಿವರ ಹುಡುಕಿ ನೋಡಿದಾಗ ಎದೆ ಧಸಕ್ಕೆಂದಿತು.

ಎರಡೂ 2015ರಲ್ಲೇ ಬಂದವು. ಡೆಸ್ಕ್‌ಟಾಪಿನ 960ರಲ್ಲಿ 1024 ಕೋರ್‌ಗಳು. ಕೋರ್ ಅಂದರೆ ಲೆಕ್ಕ ಮಾಡುವ ಸಣ್ಣ ಸಣ್ಣ ಘಟಕ, ಹೊಲದಲ್ಲಿ ಆಳುಗಳಿದ್ದ ಹಾಗೆ. ಲ್ಯಾಪ್‌ಟಾಪಿನ 960ಎಂನಲ್ಲಿ 640 ಮಾತ್ರ. ಸಾವಿರ ಆಳು ಮಾಡುವ ಕೆಲಸಕ್ಕೆ ಆರುನೂರು ಆಳು! ಒಳಗಿನ ಚಿಪ್ ಕೂಡ ಬೇರೆ. 2014ರ ಜಿಟಿಎಕ್ಸ್ 750 ಟಿಐ ಎಂಬ ಅಗ್ಗದ ಡೆಸ್ಕ್‌ಟಾಪ್ ಕಾರ್ಡಿನಲ್ಲಿದ್ದ ಚಿಪ್ಪೇ ಇದರಲ್ಲೂ ಇರುವುದು. ಅದರಲ್ಲೂ ಕೋರ್ 640. ಅಂದರೆ ನಾನು ದುಡ್ಡು ಕೊಟ್ಟದ್ದು 960 ಅನ್ನುವ ಹೆಸರಿಗೆ, ಮನೆಗೆ ತಂದದ್ದು ಹೆಚ್ಚುಕಡಿಮೆ 750 ಟಿಐ. ಎರಡಕ್ಕೂ ಮೆಮೊರಿ 4 ಜಿಬಿ ಇರಬಹುದು, ಹಾಗಾಗಿ ಅದನ್ನು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ.

ಇದಕ್ಕೆ ಕಾರಣವೂ ಇದೆ. ಡೆಸ್ಕ್‌ಟಾಪಿನ 960 ಸುಮಾರು 120 ವ್ಯಾಟ್ ವಿದ್ಯುತ್ ಎಳೆಯುತ್ತದೆ. ಅದಕ್ಕೆ ದೊಡ್ಡ ಫ್ಯಾನ್, ಗಾಳಿಯಾಡುವ ಡಬ್ಬಿ ಇದೆ. ತೆಳ್ಳಗಿನ ಲ್ಯಾಪ್‌ಟಾಪ್‌ನಲ್ಲಿ ಅಷ್ಟು ಬಿಸಿ ಹೊರಹಾಕಲು ಜಾಗವೆಲ್ಲಿ? ಬಿಸಿ ಏರಿದರೆ ಚಿಪ್ ತಾನಾಗಿಯೇ ವೇಗ ತಗ್ಗಿಸಿಕೊಳ್ಳುತ್ತದೆ. ಚಾರ್ಜರ್ ತೆಗೆದರೆ ಇನ್ನೂ ನಿಧಾನ.

ಆ ಕೊನೆಯ ಮಾತು ನನಗೆ ಅರ್ಥವಾದದ್ದು ತುಂಗಭದ್ರೆಯ ದಂಡೆಯಲ್ಲಿ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಕ್ರೆಸ್ಟ್ ಗೇಟ್ ಕಿತ್ತುಹೋಯಿತು. ಬೆಳಗಿನ ಜಾವ ಓಡಿದೆ. ಶೂಟ್ ಮಾಡಿ, ಚಹಾದಂಗಡಿಯ ಬೆಂಚಿನ ಮೇಲೆ ಲ್ಯಾಪ್‌ಟಾಪ್ ತೆರೆದೆ. ಕರೆಂಟ್ ಪಾಯಿಂಟ್ ಇಲ್ಲ, ಬ್ಯಾಟರಿಯೇ ಗತಿ. ಮೂರು ನಿಮಿಷದ ವಿಡಿಯೊ ಮುಗಿಯುವಷ್ಟರಲ್ಲಿ ಬೇರೆಯವರ ದೃಶ್ಯಗಳು ಟಿವಿಯಲ್ಲಿ ಬಂದುಬಿಟ್ಟಿದ್ದವು. ನನ್ನದು ತಗೊಳ್ಳಲಿಲ್ಲ, ದುಡ್ಡೂ ಬರಲಿಲ್ಲ. ಬಳೆ ಬಿಡಿಸಿಕೊಂಡು ಬಂದದ್ದು ಆ ವರ್ಷದ ದೀಪಾವಳಿ ಕಳೆದ ಮೇಲೆ.

ಹಾಗಂತ ಲ್ಯಾಪ್‌ಟಾಪನ್ನು ಬೈಯುವುದಿಲ್ಲ. ಗೆಳೆಯನ ಡೆಸ್ಕ್‌ಟಾಪನ್ನು ಡ್ಯಾಮಿನ ಹತ್ತಿರ ಹೊತ್ತೊಯ್ಯಲು ಆಗುತ್ತಿತ್ತೇ? ಕರೆಂಟ್ ಹೋದರೆ ಅವನದು ಯುಪಿಎಸ್ ಇಲ್ಲದೆ ಪಟ್ಟನೆ ಆರುತ್ತದೆ, ನನ್ನದು ನಡೆಯುತ್ತದೆ. ಆದರೆ ಅವನ ಕಾರ್ಡ್ ಕೆಟ್ಟರೆ ಕಿತ್ತು ಬೇರೆ ಹಾಕಬಹುದು. ನನ್ನದರಲ್ಲಿ ಚಿಪ್ಪನ್ನು ಬೋರ್ಡಿಗೇ ಬೆಸೆದಿದ್ದಾರೆ. ಅದು ಹೋದರೆ ಲ್ಯಾಪ್‌ಟಾಪೇ ಹೋದಂತೆ.

2016ರಲ್ಲಿ ಬಂದ 10 ಸರಣಿಯಿಂದ ಈ ‘ಎಂ’ ಹೋಯಿತು, ಅಂತರವೂ ಕಡಿಮೆಯಾಯಿತು. 6 ಜಿಬಿಯ ಜಿಟಿಎಕ್ಸ್ 1060ಕ್ಕೆ ಡೆಸ್ಕ್‌ಟಾಪಿನಲ್ಲೂ ಲ್ಯಾಪ್‌ಟಾಪಿನಲ್ಲೂ 1280 ಕೋರ್. ಆದರೆ ಮರುವರ್ಷವೇ ‘ಮ್ಯಾಕ್ಸ್-ಕ್ಯೂ’ ಎಂಬ ಬಾಲ ಬಂತು. ಕಡಿಮೆ ವಿದ್ಯುತ್, ಕಡಿಮೆ ವೇಗ. ಹಾಗಾಗಿ ಹಳೆಯ ಲ್ಯಾಪ್‌ಟಾಪ್ ಕೊಳ್ಳುವಾಗ ಸಂಖ್ಯೆಯ ಹಿಂದಿನ ಬಾಲವನ್ನೂ ಓದಿ.

ಹುಡುಗನಿಗೆ ಎರಡೇ ಮಾತು ಹೇಳಿದೆ. ಒಂದು, ಅಂಗಡಿಯಲ್ಲೇ ಜಿಪಿಯು-ಝಡ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ಹಾಕಿಸಿ ನೋಡು, ಚಿಪ್ಪಿನ ಹೆಸರು, ಕೋರ್ ಲೆಕ್ಕ ಎಲ್ಲ ಅಲ್ಲೇ ಕಾಣುತ್ತದೆ. ಎರಡು, ಎಲ್ಲಿ ಕೂತು ಕೆಲಸ ಮಾಡುತ್ತೀ ಅಂತ ಯೋಚಿಸು. ‘ಮನ್ಯಾಗ ರೀ’ ಅಂದ. ಹಾಗಾದರೆ ಹಳೆಯ ಆಫೀಸ್ ಕಂಪ್ಯೂಟರ್ ತಗೊಂಡು 750 ಟಿಐ ಹಾಕಿಸು ಅಂದೆ. ಅದು 60 ವ್ಯಾಟ್ ಸಾಕೆನ್ನುವ ಕಾರ್ಡ್, ಬಹುತೇಕ ಮಾದರಿಗಳಿಗೆ ಬೇರೆ ಪವರ್ ವೈರ್ ಕೂಡ ಬೇಡ. ಕೆಲಸ ಹೆಚ್ಚೂಕಡಿಮೆ ಆ ಲ್ಯಾಪ್‌ಟಾಪಿನಷ್ಟೇ. ನಾಳೆ ಕೈಯಲ್ಲಿ ಕಾಸು ಆಡಿದರೆ ಇನ್ನೂ ದೊಡ್ಡದು ಹಾಕಿಸಬಹುದು.

ನಿನ್ನೆ ಸಂಜೆ ಅಂಗಡಿಯಿಂದಲೇ ಫೋನ್ ಮಾಡಿದ.

‘ಅಣ್ಣಾರ, 640 ಅಂತ ತೋರಿಸಾಕತ್ತೈತ್ರಿ.’

‘ಮತ್ತ?’

‘ರೊಕ್ಕ ಕಿಸೇದಾಗ ಐತ್ರಿ. ಬಸ್ ಹಿಡೀತೀನಿ.’