ಹಾಲದಾರ್ ಅಲ್ಲ, ಹವಾಲ್ದಾರ್

ನಮ್ಮ ಹಾಸ್ಟೆಲ್‌ನಲ್ಲಿ ಯಾರನ್ನೂ ಸ್ವಂತ ಹೆಸರಿನಿಂದ ಕರೆಯೋದಿಲ್ಲ, ಊರಿನ ಹೆಸರೇ ಹೆಸರು. ಹಾಗಾಗಿ ನಾವು ನಾಲ್ಕು ಮಂದಿ ಸಿಂಧನೂರು, ಲಿಂಗಸೂರು, ಮಸ್ಕಿ ಮತ್ತು ಕ್ಯಾಂಪು. ನಾವು ಮೊದಲ ಸಲ ಒಟ್ಟಿಗೆ ನಿಂತದ್ದು ಕಾಲೇಜಿನಲ್ಲಲ್ಲ, ಲಿಂಗಸುಗೂರಿನ ಸಹಾಯಕ ಆಯುಕ್ತರ ಕಚೇರಿ ಮುಂದೆ, 371ಜೆ ಸರ್ಟಿಫಿಕೇಟಿನ ಸಾಲಿನಲ್ಲಿ. ನಮ್ಮ ಮೂರೂ ತಾಲ್ಲೂಕಿಗೆ ಅದೇ ಕಚೇರಿ. ಸಿಇಟಿ ಬರೆದ ಕಲ್ಯಾಣ ಕರ್ನಾಟಕದ ಹುಡುಗರಿಗೆ ಆ ಸಾಲು ಚೆನ್ನಾಗಿ ಗೊತ್ತಿರುತ್ತೆ. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೈಲು. ನಮ್ಮ ಫೈಲು ಒಂದು ಬೆರಳು ದಪ್ಪ ಇದ್ರೆ ಕ್ಯಾಂಪಿನವನದು ನಾಲ್ಕು ಬೆರಳು ದಪ್ಪ.

"ಇಷ್ಟ್ಯಾಕಲೇ?" ಅಂತ ಕೇಳಿದ್ವಿ.

"ನಮಗ ಎಲ್ಲಾನೂ ಕೇಳ್ತಾರಪಾ. ಮೊದಲೇ ತಂದ್ರ ಒಂದು ಬಸ್ ಚಾರ್ಜ್ ಉಳೀತದ" ಅಂದ.

ಆಗ ನಕ್ಕು ಸುಮ್ಮನಾಗಿದ್ವಿ. ಆ ಫೈಲಿನ ದಪ್ಪ ನಮಗೆ ಅರ್ಥ ಆಗಲು ಮೂರು ವರ್ಷ ಬೇಕಾಯ್ತು.

ಬೇರೆ ಜಿಲ್ಲೆಯ ಗೆಳೆಯರಿಗೆ ಒಂದು ಮಾತು. ನಮ್ಮ ಕಡೆ ಕ್ಯಾಂಪ್ ಅಂದರೆ ಟೆಂಟ್ ಅಲ್ಲ, ಊರು. 1953ರಲ್ಲಿ ತುಂಗಭದ್ರಾ ಅಣೆಕಟ್ಟೆಯಾಗಿ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಕಡೆಯಿಂದ ರೈತರು ಬಂದರು, ಜಮೀನು ಕೊಂಡು ಭತ್ತ ಹಚ್ಚಿದರು. ಅವರು ನಿಂತ ಜಾಗಗಳೆಲ್ಲ ಕ್ಯಾಂಪ್ ಆದವು. ಅವರು ಬಂದದ್ದು ಒಂದೇ ದೇಶದೊಳಗೆ, ಹಾಗಾಗಿ "ನೀವ್ಯಾರು" ಅಂತ ಯಾರೂ ಕಾಗದ ಕೇಳಲಿಲ್ಲ. ಸಿಂಧನೂರು ತಾಲ್ಲೂಕಿನಲ್ಲೇ ಇನ್ನೊಂದು ಥರದ ಕ್ಯಾಂಪುಗಳಿವೆ. ಅವುಗಳ ಹೆಸರು ಆರ್‌ಎಚ್ ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಹಿಡಿದು ಹೋಗುತ್ತೆ. ಆರ್‌ಎಚ್ ಅಂದರೆ ಪುನರ್ವಸತಿ. ಪೂರ್ವ ಪಾಕಿಸ್ತಾನ ಬಿಟ್ಟು ಬಂದ ಬಂಗಾಳಿ ಕುಟುಂಬಗಳಿಗೆ ಸರ್ಕಾರ ಮಾಡಿಕೊಟ್ಟ ಊರುಗಳು ಅವು. ನವರಾತ್ರಿಯಲ್ಲಿ ಅಲ್ಲಿ ದುರ್ಗಾಪೂಜೆಯ ಪೆಂಡಾಲ್ ಏಳುತ್ತೆ. ನಮ್ಮ ಕ್ಯಾಂಪಿನವ ಅಲ್ಲಿಯವನು. ಮನೆಯಲ್ಲಿ ಬಂಗಾಳಿ, ಹೊರಗೆ ನಮಗಿಂತ ಗಟ್ಟಿ ರಾಯಚೂರು ಕನ್ನಡ.

ಕಥೆ ಶುರುವಾದದ್ದು ಮಾತ್ರ ಜರ್ಮನಿಯಿಂದ. ಎಂಎಸ್ ಮಾಡಲು ಹೋದ ನಮ್ಮ ಸೀನಿಯರ್ ಅಣ್ಣ ಒಂದು ಉದ್ದನೆಯ ವಾಯ್ಸ್ ನೋಟ್ ಕಳಿಸಿದ್ದರು. ಹೋಗುವ ಆಸೆ ನಮಗೂ ಇದ್ದದ್ದರಿಂದ ನೋಟ್‌ಬುಕ್ ತೆಗೆದು ಬರೆದುಕೊಂಡ್ವಿ. ಮನೆ ಸೇರಿದ ಎರಡು ವಾರದೊಳಗೆ ಅಲ್ಲಿನ ನಗರ ಕಚೇರಿಗೆ ಹೋಗಿ ವಿಳಾಸ ನೋಂದಣಿ ಮಾಡಿಸಬೇಕು. ಅದಕ್ಕೆ ಮನೆ ಮಾಲೀಕರು ಸಹಿ ಮಾಡಿದ ಕಾಗದ ಬೇಕು. ಆರೋಗ್ಯ ವಿಮೆ ಇಲ್ಲದಿದ್ದರೆ ಯೂನಿವರ್ಸಿಟಿಯಲ್ಲಿ ಹೆಸರು ದಾಖಲಾಗೋದಿಲ್ಲ. ವೀಸಾ ಮುಗಿಯೋ ಮೊದಲು ವಾಸದ ಪರವಾನಗಿಗೆ ಅರ್ಜಿ ಹಾಕಬೇಕು, ಅದಕ್ಕೆ ಈ ಎರಡೂ ಕಾಗದ ಬೇಕು. ಒಂದು ತಪ್ಪಿದರೆ ಮುಂದಿನದು ಸಿಗಲ್ಲ. ಕೊನೆಗೆ ಅಣ್ಣ ಹೇಳಿದ್ದು: "ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಖಾಲಿ ಬಿಟ್ಟಿದ್ದೆ ನೋಡ್ರಪಾ. ಇಲ್ಲಿ ಪ್ರತಿ ಫಾರ್ಮಿನಲ್ಲೂ ಅದನ್ನೇ ಕೇಳ್ತಾರ. ನೀವು ಈಗಲೇ ಸರಿ ಮಾಡಿಸ್ರಿ."

ನಾವು ತಲೆ ಮೇಲೆ ಕೈ ಇಟ್ಟುಕೊಂಡ್ವಿ. ಕ್ಯಾಂಪಿನವ ಮಾತ್ರ ನಗ್ತಾ ಇದ್ದ. "ನಮ್ಮ ಠಾಕುಮಾ ಹೇಳೋ ಕಥೀನೂ ಇದೇ. ಆದ್ರ ಆಕಿಗೆ ಯಾರೂ ಲಿಸ್ಟ್ ಕೊಟ್ಟಿದ್ದಿಲ್ಲ."

ಠಾಕುಮಾ ಅಂದರೆ ಅಪ್ಪನ ಅಮ್ಮ. ಹದಿಮೂರು ಹದಿನಾಲ್ಕನೇ ವಯಸ್ಸಿನಲ್ಲಿ ಅಪ್ಪ ಅಮ್ಮನ ಜೊತೆ ಗಡಿ ದಾಟಿದವರು. ಗಡಿಯಲ್ಲಿ ಅವರಪ್ಪನ ಕೈಗೆ ಒಂದು ಚೀಟಿ ಕೊಟ್ಟಿದ್ದರಂತೆ, ಅದರಲ್ಲಿ ಕುಟುಂಬದವರ ಹೆಸರು. ರೇಷನ್ ಬೇಕಾದ್ರೆ ಆ ಚೀಟಿ, ಮನೆ ಜಮೀನು ಬೇಕಾದ್ರೂ ಅದೇ ಚೀಟಿ. "ಚೀಟಿ ಒದ್ದಿ ಆಗಬಾರದು ಅಂತ ನಮ್ಮಪ್ಪ ಮಳ್ಯಾಗ ತಾನು ನೆನೆದ, ಚೀಟಿ ನೆನೀಲಿಲ್ಲ" ಅಂತ ಠಾಕುಮಾ ಈಗಲೂ ಹೇಳ್ತಾರೆ. ಮುಂದೆ ಒಂದು ವರ್ಷ ಕಾಲುವೆ ಒಡೆದು ಮನೆಗೆ ನೀರು ಬಂದಾಗ ಚೀಟಿ ಹೋಯಿತು.

ಕ್ಯಾಂಪಿನವನ ಪೌರತ್ವಕ್ಕೆ ತೊಂದರೆ ಇಲ್ಲ. ಅದನ್ನು ಅವನು ಓಮ್‌ನ ನಿಯಮದ ಹಾಗೆ ಬಾಯಿಪಾಠ ಒಪ್ಪಿಸ್ತಾನೆ. 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಆಮೇಲೆ ಹುಟ್ಟಿದವರಾದರೆ ಅಪ್ಪ ಅಮ್ಮನಲ್ಲಿ ಒಬ್ಬರಾದರೂ ಪೌರರಿರಬೇಕು. 2004ರ ಡಿಸೆಂಬರ್ 3ರ ನಂತರವಾದರೆ ಒಬ್ಬರು ಪೌರರಾಗಿದ್ದು ಇನ್ನೊಬ್ಬರು ಅಕ್ರಮವಾಗಿ ಬಂದವರಾಗಿರಬಾರದು. ಅವನ ಅಪ್ಪ ಅಮ್ಮ ಇಬ್ಬರೂ 1987ಕ್ಕೆ ಮೊದಲೇ ಕ್ಯಾಂಪಿನಲ್ಲೇ ಹುಟ್ಟಿದವರು. ನಮ್ಮಲ್ಲಿ ಉಳಿದ ಮೂವರಿಗೆ ಈ ದಿನಾಂಕಗಳು ಗೊತ್ತೇ ಇರಲಿಲ್ಲ, ಯಾಕಂದ್ರೆ ನಮ್ಮನ್ನು ಯಾರೂ ಕೇಳಿಲ್ಲ.

ಠಾಕುಮಾನ ವಿಷಯ ಬೇರೆ. ಹತ್ತಾರು ಚುನಾವಣೆಗಳಲ್ಲಿ ವೋಟು ಹಾಕಿದ್ದಾರೆ, ಆದರೆ ಪೌರತ್ವ ಪತ್ರ ಅಂತ ಒಂದಿಲ್ಲ. 2019ರ ಪೌರತ್ವ ತಿದ್ದುಪಡಿ ಕಾಯ್ದೆಗೆ 2024ರ ಮಾರ್ಚ್‌ನಲ್ಲಿ ನಿಯಮ ಬಂತು. ಧರ್ಮದ ಆಧಾರದ ಮೇಲೆ ಮುಸ್ಲಿಮರನ್ನು ಬಿಟ್ಟಿರುವ ಬಗ್ಗೆ ದೇಶದ ತುಂಬಾ ದೊಡ್ಡ ವಾದವೇ ನಡೆದಿದೆ. ಕ್ಯಾಂಪಿನಲ್ಲಿ ಮಾತ್ರ ಅದು ಮನೆಮನೆಯ ಲೆಕ್ಕ. ಬಾಂಗ್ಲಾದೇಶದಿಂದ ಬಂದವರು ಅಂತ ತೋರಿಸೋ ಕಾಗದ ಬೇಕು, 2014ರ ಡಿಸೆಂಬರ್ 31ರೊಳಗೆ ಬಂದವರು ಅಂತ ತೋರಿಸೋ ಕಾಗದವೂ ಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ಸಿಂಧನೂರು ಕ್ಯಾಂಪುಗಳ ಐದು ಮಂದಿಗೆ ಪೌರತ್ವ ಸಿಕ್ಕ ಸುದ್ದಿ ಬಂತು. ಠಾಕುಮಾ ಅರ್ಜಿ ಹಾಕಿಲ್ಲ. "ಅರ್ಜಿ ಹಾಕಿದ್ರ ಇಷ್ಟು ದಿನ ನಾನು ಇಲ್ಲಿಯಾಕಿ ಅಲ್ಲ ಅಂತ ನಾನೇ ಬರಕೊಟ್ಟಂಗಾತು" ಅಂತಾರೆ. ಆ ಮಾತಿಗೆ ನಮ್ಮಲ್ಲಿ ಉತ್ತರ ಇಲ್ಲ.

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದಾಗ ಒಂದು ಬೆಳಿಗ್ಗೆ ಕ್ಯಾಂಪಿನವನ ಫೋನ್ ಬಂತು. ಠಾಕುಮಾಗೆ ಎದೆನೋವು. ಸಿಂಧನೂರಿನ ಸರ್ಕಾರಿ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ರೆಫರಲ್ ಪತ್ರ ಬರೆದು ರಾಯಚೂರಿಗೆ ಕಳಿಸಿದರು. ರಾಯಚೂರಿನ ಒಂದು ಆಸ್ಪತ್ರೆಯಲ್ಲಿ ಕೌಂಟರಿನವರು ಆಧಾರ್ ನಂಬರ್ ಹಾಕಿ ನೋಡಿ, "ಬಿಪಿಎಲ್ ಅಂತ ಬರ್ತಾ ಇಲ್ಲ, ಸಾಮಾನ್ಯ ಅಂತ ತೋರಿಸ್ತಾ ಇದೆ" ಅಂದರು.

ಇದರ ಅರ್ಥ ಏನು ಅಂತ ನಮಗೆ ಅಲ್ಲೇ ಗೊತ್ತಾದದ್ದು. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಬಿಪಿಎಲ್ ಕಾರ್ಡ್ ಇಲ್ಲದವರಿಗೆ ಸರ್ಕಾರ ಕೊಡೋದು ಪ್ಯಾಕೇಜ್ ದರದ ಶೇಕಡಾ 30 ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಉಳಿದ 70 ಪಾಲು ರೋಗಿಯದೇ. ಅದೇ ಹೃದಯ, ಅದೇ ಡಾಕ್ಟರು. 100 ಮತ್ತು 30ರ ನಡುವೆ ಇರೋದು ಒಂದು ರೇಷನ್ ಕಾರ್ಡು.

ರೇಷನ್ ಕಾರ್ಡ್ ಮನೆಯಲ್ಲಿತ್ತು. ಅದರಲ್ಲಿ ಠಾಕುಮಾನ ಹೆಸರೂ ಇತ್ತು. ಆದರೆ ಆಧಾರ್‌ನಲ್ಲಿ ಹಾಲದಾರ್ ಅಂತ ಇದ್ದ ಅಡ್ಡಹೆಸರು ರೇಷನ್ ಕಾರ್ಡಿನಲ್ಲಿ ಹವಾಲ್ದಾರ್ ಆಗಿತ್ತು. ಯಾವಾಗಲೋ ಯಾರೋ ಬಂಗಾಳಿ ಹೆಸರನ್ನು ತಮಗೆ ಗೊತ್ತಿದ್ದ ಶಬ್ದಕ್ಕೆ ತಿದ್ದಿ ಟೈಪ್ ಮಾಡಿದ್ದರು. ಪ್ರತಿ ತಿಂಗಳು ಮಗ ಥಂಬ್ ಕೊಟ್ಟು ಅಕ್ಕಿ ತರ್ತಾ ಇದ್ದದ್ದರಿಂದ ಠಾಕುಮಾನ ಇ-ಕೆವೈಸಿ ಆಗಿಯೇ ಇಲ್ಲ ಅನ್ನೋದು ಯಾರಿಗೂ ಗೊತ್ತಾಗಿರಲಿಲ್ಲ. ಅಕ್ಕಿ ಬರ್ತಿತ್ತು, ಹಾಗಾಗಿ ಎಲ್ಲ ಸರಿ ಇದೆ ಅಂದುಕೊಂಡಿದ್ದರು.

ಆಂಜಿಯೋಗ್ರಾಂಗೆ ಕಾಯೋ ಹಾಗಿರಲಿಲ್ಲ. ಕ್ಯಾಂಪಿನವನ ಅಮ್ಮ ಬಳೆ ಅಡ ಇಟ್ಟರು. ಒಂದು ರಕ್ತನಾಳ ಕಟ್ಟಿದೆ, ಸ್ಟೆಂಟ್ ಹಾಕಬೇಕು, ಸದ್ಯಕ್ಕೆ ಮಾತ್ರೆ ಕೊಡ್ತೀವಿ, ಬೇಗ ಬನ್ನಿ ಅಂದರು ಡಾಕ್ಟರು. ಎಷ್ಟು ಬೇಗ ಅಂತ ಕೇಳೋಕೆ ನಮಗೆ ಧೈರ್ಯ ಬರಲಿಲ್ಲ.

ಮುಂದಿನ ಒಂಬತ್ತು ದಿನ ನಾವು ನಾಲ್ವರೂ ಅದೇ ಕೆಲಸ. ನ್ಯಾಯಬೆಲೆ ಅಂಗಡಿಯಲ್ಲಿ ಠಾಕುಮಾನ ಹೆಬ್ಬೆಟ್ಟು ಇಟ್ಟರೆ ಮಷೀನು ತಗೊಳ್ಳಲಿಲ್ಲ. ಐವತ್ತು ವರ್ಷ ಕೆಸರಿನಲ್ಲಿ ಭತ್ತದ ಸಸಿ ಹಚ್ಚಿದ ಬೆರಳು, ಗೆರೆಗಳೇ ಸವೆದಿದ್ದವು. ಆಧಾರ್ ಕೇಂದ್ರಕ್ಕೆ ಆಟೋದಲ್ಲಿ ಕರೆದುಕೊಂಡು ಹೋಗಿ ಬೆರಳು, ಕಣ್ಣು ಎರಡನ್ನೂ ಹೊಸದಾಗಿ ತೆಗೆಸಿದ್ವಿ. ಹೆಸರು ತಿದ್ದಿಸಲು ಆಹಾರ ಶಾಖೆಗೆ ಅರ್ಜಿ. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಕರೆಂಟ್ ಇಲ್ಲ. ಒಂದು ಸೇವಾ ಕೇಂದ್ರದಲ್ಲಂತೂ ನಮ್ಮ ಅರ್ಜಿಯಲ್ಲಿ ಮತ್ತೆ ಹವಾಲ್ದಾರ್ ಅಂತಲೇ ಟೈಪ್ ಮಾಡಿದ್ದರು. ಪ್ರಿಂಟ್ ತೆಗೆಯೋ ಮೊದಲು ಲಿಂಗಸೂರಿನವ ನೋಡದಿದ್ದರೆ ಇನ್ನೊಂದು ವಾರ ಹೋಗ್ತಿತ್ತು.

ಸಾಲಿನಲ್ಲಿ ಕೂತಾಗ ಮಸ್ಕಿಯವ ತನ್ನ ಊರಿನ ಕಥೆ ತೆಗೆದ. ದೇಶದ ತುಂಬಾ ಸಿಕ್ಕ ಶಾಸನಗಳಲ್ಲಿ ರಾಜನ ಹೆಸರು ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು. ಇವನೇ ಅಶೋಕ ಅಂತ ವಿದ್ವಾಂಸರು ಊಹೆ ಮಾಡಿದ್ದರು. 1915ರಲ್ಲಿ ಬೀಡನ್ ಅನ್ನೋ ಚಿನ್ನದ ಗಣಿ ಎಂಜಿನಿಯರಿಗೆ ಮಸ್ಕಿಯ ಬಂಡೆಯ ಮೇಲೆ ಒಂದು ಶಾಸನ ಸಿಕ್ತು. ಅದರಲ್ಲಿ ದೇವಾನಾಂಪ್ರಿಯ ಅನ್ನೋ ಬಿರುದಿನ ಜೊತೆಗೇ ಅಶೋಕ ಅಂತ ಹೆಸರು ಇತ್ತು. "ಚಕ್ರವರ್ತಿದೇ ಹೆಸರು ಮ್ಯಾಚ್ ಆಗಾಕ ಎರಡು ಸಾವಿರ ವರ್ಷ ಹಿಡೀತು. ನಿಮ್ಮ ಠಾಕುಮಾಗ ಒಂದು ವಾರ ಆದ್ರ ಏನಾತು?" ಅಂದ. ಠಾಕುಮಾ ನಕ್ಕರು. ನಕ್ಕ ಮೇಲೆ ಎದೆ ಹಿಡಿದುಕೊಂಡರು. ನಾವು ಸುಮ್ಮನಾದ್ವಿ.

ಹತ್ತನೇ ದಿನ ಕಾರ್ಡು ಬಂತು. ಸ್ಟೆಂಟ್ ಹಾಕಿದರು. ಅದಕ್ಕೆ ದುಡ್ಡು ಕಟ್ಟಬೇಕಾಗಲಿಲ್ಲ. ಠಾಕುಮಾ ಈಗ ಆರಾಮ ಇದ್ದಾರೆ. ಬಳೆ ಮಾತ್ರ ಇನ್ನೂ ಬಿಡಿಸಿಕೊಂಡಿಲ್ಲ.

ರಜೆ ಮುಗಿಸಿ ಸಿಂಧನೂರಿನಿಂದ ರಾತ್ರಿ ಬಸ್ಸಿಗೆ ಬೆಂಗಳೂರಿಗೆ ಹೊರಟ್ವಿ. ಮಸ್ಕಿ, ಲಿಂಗಸುಗೂರು ಕಡೆಯ ಹಳ್ಳಿಯವರು ಬಸ್ಸಿನ ತುಂಬಾ, ಚೀಲ, ಪಾತ್ರೆ, ಮಕ್ಕಳ ಸಮೇತ. ಗುಳೆ ಹೊರಟವರು. ಪ್ರತಿ ರಜೆಯಲ್ಲೂ ನೋಡ್ತಿದ್ದ ದೃಶ್ಯವೇ, ಆದರೆ ಈ ಸಲ ಪಕ್ಕದ ಸೀಟಿನ ಕಾಕಾಗೆ ಕೇಳಿದ್ವಿ, "ರೇಷನ್ ಕಾರ್ಡ್ ಎಲ್ಲೈತ್ರಿ ಕಾಕಾ?"

"ಮನ್ಯಾಗ ಟ್ರಂಕಿನ್ಯಾಗ ಐತಪಾ. ಅಲ್ಲಿ ಅದು ನಡೀತದೇನು?"

ನಡೆಯುತ್ತೆ. ಇ-ಕೆವೈಸಿ ಆಗಿದ್ದರೆ ಬೆಂಗಳೂರಿನ ನ್ಯಾಯಬೆಲೆ ಅಂಗಡಿಯಲ್ಲೂ ಥಂಬ್ ಕೊಟ್ಟು ಅಕ್ಕಿ ತಗೋಬಹುದು. ಕಟ್ಟಡ ಕೆಲಸ ವರ್ಷಕ್ಕೆ 90 ದಿನ ಮಾಡಿದವರು, 18ರಿಂದ 60 ವರ್ಷದೊಳಗಿನವರು, ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಬಹುದು. ಆರೋಗ್ಯದ ಕಾರ್ಡು ಊರಿನಲ್ಲಿ ಮಾಡಿಸಿದ್ದೇ ಬೆಂಗಳೂರಿನಲ್ಲೂ ನಡೆಯುತ್ತೆ. ಇದನ್ನೆಲ್ಲ ಕಾಕಾಗೆ ಹೇಳಿ ಮುಗಿಸೋ ಹೊತ್ತಿಗೆ ಹಿಂದಿನ ಎರಡು ಸೀಟಿನವರೂ ಬಗ್ಗಿ ಕೇಳ್ತಾ ಇದ್ದರು.

ಜರ್ಮನಿಗೆ ಹೋಗೋ ನಮಗೆ ಸೀನಿಯರ್ ಇದ್ದಾರೆ, ಯೂನಿವರ್ಸಿಟಿ ಮೇಲ್ ಕಳಿಸುತ್ತೆ, ಯೂಟ್ಯೂಬಿನಲ್ಲಿ ನೂರು ವಿಡಿಯೋ ಇವೆ. ಗಡಿ ದಾಟಿ ಬಂದ ಹುಡುಗಿಗೆ, ಗುಳೆ ಹೋಗೋ ಕಾಕಾಗೆ ಯಾರಿದ್ದಾರೆ? ಹೊಸ ಊರಿನಲ್ಲಿ ಮೊದಲು ಬೇಕಾಗೋದು ಯಾವ ಕಾಗದ ಮೊದಲು, ಯಾವುದು ಆಮೇಲೆ ಅಂತ ಹೇಳೋ ಒಬ್ಬ ಮನುಷ್ಯ. ಅದಕ್ಕೆ ಎಂಜಿನಿಯರಿಂಗ್ ಬೇಕಿಲ್ಲ.

ಹಾಸ್ಟೆಲಿಗೆ ಬಂದು ನಾವು ಒಂದು ಪುಟ ಬರೆದ್ವಿ. ಆಧಾರ್, ರೇಷನ್ ಕಾರ್ಡು, ವೋಟರ್ ಕಾರ್ಡು ಮೂರರಲ್ಲೂ ಹೆಸರು ಒಂದೇ ಇದೆಯಾ ನೋಡಿ. ಮನೆಯ ಪ್ರತಿಯೊಬ್ಬರ ಇ-ಕೆವೈಸಿ ಆಗಿದೆಯಾ ಕೇಳಿ, ಅಕ್ಕಿ ಬರ್ತಿದೆ ಅಂತ ಬಿಡಬೇಡಿ. ಬೆರಳು ಬಾರದಿದ್ದರೆ ಕಣ್ಣಿನ ಸ್ಕ್ಯಾನ್ ಕೇಳಿ. ಆಯುಷ್ಮಾನ್ ಕಾರ್ಡ್ ಆರಾಮ ಇದ್ದಾಗಲೇ ಮಾಡಿಸಿ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ ರೆಫರಲ್ ತಗೊಳ್ಳಿ. ತುರ್ತು ಇದ್ದರೆ ನೇರ ಹೋಗಬಹುದು. ಅನುಮಾನ ಇದ್ದರೆ 14555ಕ್ಕೆ ಫೋನ್ ಮಾಡಿ. ಅರ್ಜಿ ಸಲ್ಲಿಸೋ ಮೊದಲು ಹೆಸರು ಓದಿಸಿಕೊಳ್ಳಿ.

ಕನ್ನಡದಲ್ಲಿ ಸಿಂಧನೂರಿನವ ಬರೆದ, ಬಂಗಾಳಿಯಲ್ಲಿ ಕ್ಯಾಂಪಿನವ. ಬಂಗಾಳಿ ಓದಲು ಬರ್ತಿತ್ತು, ಬರೆಯಲು ಅಷ್ಟಾಗಿ ಬರ್ತಿರಲಿಲ್ಲ. ಅವನು ಫೋನಿನಲ್ಲಿ ಕೇಳಿದ, ಠಾಕುಮಾ ಒಂದೊಂದೇ ಅಕ್ಷರ ಹೇಳಿ ಬರೆಸಿದರು. ಕ್ಯಾಂಪಿನ ನ್ಯಾಯಬೆಲೆ ಅಂಗಡಿ ಗೋಡೆಗೆ ಅದನ್ನು ಅಂಟಿಸಿದ್ದಾರೆ ಅಂತ ಫೋಟೋ ಬಂದಿದೆ.

ಈ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜಿಯ ಕಾರ್ಡನ್ನೂ ಒಮ್ಮೆ ತೆಗೆದು ನೋಡಿ. ನಾವೂ ನೋಡಿದ್ವಿ. ಮಸ್ಕಿಯವನ ಅಜ್ಜಿಯ ಆಧಾರ್‌ನಲ್ಲಿ ಇನ್ನೂ ಲಿಂಗಸುಗೂರು ತಾಲ್ಲೂಕು ಅಂತಲೇ ಇದೆ, ಮಸ್ಕಿಯೇ ತಾಲ್ಲೂಕಾಗಿ ವರ್ಷಗಳಾದರೂ. ಸಿಂಧನೂರಿನವನ ಅಜ್ಜಿ ದಾಖಲೆ ಪ್ರಕಾರ ಅವನ ಅಪ್ಪನಿಗಿಂತ ಒಂಬತ್ತೇ ವರ್ಷ ದೊಡ್ಡವರು. ಇಲ್ಲೇ ಹುಟ್ಟಿ ಇಲ್ಲೇ ಬೆಳೆದ ನಮ್ಮ ಅಜ್ಜಿಯರ ಕಾಗದವೇ ಹೀಗಿದೆ. ಯಾರೂ ಕೇಳಿಲ್ಲ, ಅಷ್ಟೇ.