ಗುಳಿಗೆ ತಪ್ಪಿಸಿದಿರಾ?

ನನ್ನದೊಂದು ಮೂತ್ರಪಿಂಡ ನಮ್ಮ ಯಜಮಾನರ ಹೊಟ್ಟೆಯಲ್ಲಿದೆ, ಸೋದರಿಯರೇ. ದೇಹ ಅದನ್ನು ಹೊರಗಿನದೆಂದು ತಿರಸ್ಕರಿಸದಿರಲೆಂದು 12 ಗಂಟೆಗೊಮ್ಮೆ ಟ್ಯಾಕ್ರೋಲಿಮಸ್ ಗುಳಿಗೆ. ಚಕ್ಕೋತ ಹಣ್ಣು ಸಹ ಮನೆಗೆ ತರುವಂತಿಲ್ಲ. ತಿಂದರೆ ರಕ್ತದಲ್ಲಿ ಔಷಧ ಏರಿಬಿಡುತ್ತೆ. ಇಷ್ಟಾದರೂ, ರಕ್ತದ ಮಟ್ಟ ಸರಿಯಿದ್ದಾಗಲೇ ಕ್ರಿಯಾಟಿನಿನ್ ಏರಿತು. ಬಯಾಪ್ಸಿಯಲ್ಲಿ ತಿರಸ್ಕಾರವೆಂದೇ ಬಂತು. "ಗುಳಿಗೆ ತಪ್ಪಿಸಿದಿರಿ ತಾನೇ?" ಎಂದು ಅವರನ್ನು ಜರೆದೆ. ಪಾಪ, ಮಾತಾಡಲಿಲ್ಲ.

ಡಾಕ್ಟರಮ್ಮ ನನ್ನನ್ನು ಕೂರಿಸಿ ಹೇಳಿದರು: ರಕ್ತದಲ್ಲಿ ಅಳೆಯುವ ಈ ಔಷಧದ ಬಹುಪಾಲು ಕೆಂಪು ಕಣಗಳಲ್ಲಿರುತ್ತೆ, ಅದು ಕೆಲಸ ಮಾಡಬೇಕಾದ್ದು ಲಿಂಫೋಸೈಟ್ ಎಂಬ ಬಿಳಿಯ ಕಣಗಳೊಳಗೆ. ಅವು ಔಷಧವನ್ನು ಹೊರಕ್ಕೆ ತಳ್ಳುವುದೂ ಉಂಟು. ಅಲ್ಲಿನ ಮಟ್ಟ ಅಳೆಯುವುದು ಇನ್ನೂ ಹೆಚ್ಚಾಗಿ ಸಂಶೋಧನೆಯಲ್ಲೇ ಇದೆ.

ಸ್ಟೀರಾಯ್ಡ್ ಇಂಜೆಕ್ಷನ್ ಆಗಿ ಈಗ ಚೇತರಿಸಿಕೊಂಡಿದ್ದಾರೆ. ಗುಳಿಗೆ ನುಂಗಿದ ಮೇಲೆ ಮಾತ್ರ ನನ್ನನ್ನು ಕರೆದು, ಬಾಯಿ ತೆರೆದು ತೋರಿಸುತ್ತಾರೆ.